ಹದಿನೆಂಟು ಸುತ್ತಿನ ಪ್ರಬಂಧ

ಊರಿಗೆ ನೀರು ಬಿಡುವವನನ್ನು ಊರೆಲ್ಲ ಅಧ್ಯಕ್ಷ ಎಂದೇ ಕರೆಯುತ್ತಿತ್ತು. ಯಾವ ಸಂಘದ ಅಧ್ಯಕ್ಷ ಎಂದು ಕೇಳಬೇಡಿ, ಅಂಥ ಸಂಘವೇ ಇರಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಅವನಿಗಿದ್ದ ಕೆಲಸ ಇಷ್ಟೇ. ಬೆಳಗ್ಗೆ ತನ್ನೆದೆಯೆತ್ತರದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಡಬೇಕು, ಏಳು ಬೀದಿಗಳಲ್ಲಿ ಒಂದೊಂದೇ ಗುಂಡಿಯ ಮುಚ್ಚಳ ಎತ್ತಿ ಒಳಗಿನ ವಾಲ್ವ್ ತಿರುಗಿಸಿ ನೀರು ಬಿಡಬೇಕು, ಹೊತ್ತು ಮುಗಿದ ಮೇಲೆ ಅದೇ ದಾರಿಯಲ್ಲಿ ಹೋಗಿ ನಿಲ್ಲಿಸಬೇಕು. ಮಿಕ್ಕ ಹೊತ್ತೆಲ್ಲ ಅವನದು ಮಾತು. ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತನೆಂದರೆ ಮಳೆಯಿಂದ ಹಿಡಿದು ಮದುವೆಯವರೆಗೆ ಯಾವ ವಿಷಯ ಎತ್ತಿದರೂ ತೀರ್ಪು ಕೊಟ್ಟೇ ಏಳುತ್ತಿದ್ದ. ಎದುರಿನವರು ಬಾಯಿ ತೆರೆದರೆ ಕೈಯೆತ್ತಿ, 'ಇರಿ, ನಾನು ಮುಗಿಸ್ತೀನಿ' ಎನ್ನುವುದು ಅವನ ಕ್ರಮ. ಅವನು ಮುಗಿಸಿದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಇಂಥವನ ಕೊರಳಿಗೆ ಒಂದು ಮಂಗಳವಾರ ಪ್ರಬಂಧ ಬಂದು ಬಿತ್ತು.

ಕಚೇರಿಗೆ ಹೊಸ ಇಂಜಿನಿಯರ್ ಬಂದಿದ್ದರು. ಚಿಕ್ಕ ವಯಸ್ಸಿನ ಹೆಂಗಸು, ಮಾತು ಕಡಿಮೆ. ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಹೇಳಿದರು: "ಮೇಲಿನ ಓಣಿಗೆ ನೀರು ಏರ್ತಾನೇ ಇಲ್ಲ. ಮುಂದಿನ ತಿಂಗಳಿಂದ ಆ ಲೈನು ಮುಚ್ಚೋಣ ಅಂತ ಇದೀನಿ. ವಾರಕ್ಕೆ ಮೂರು ದಿನ ಟ್ಯಾಂಕರ್ ಕಳಿಸಿದ್ರೆ ಆಯ್ತು."

ಮೇಲಿನ ಓಣಿ ಎಂದರೆ ಗುಡ್ಡಕ್ಕೆ ಹತ್ತಿಸಿದ ಅರವತ್ತೆರಡು ಮೆಟ್ಟಿಲು, ಅದರ ಎರಡು ಬದಿಗೆ ನಲವತ್ತೊಂದು ಮನೆ. ಟ್ಯಾಂಕರ್ ಮೆಟ್ಟಿಲು ಹತ್ತುವುದಿಲ್ಲ, ಬುಡದಲ್ಲಿ ನಿಲ್ಲುತ್ತದೆ. ಆ ಓಣಿಯ ನಡುಮಧ್ಯದಲ್ಲಿ ಅಧ್ಯಕ್ಷನ ಅಕ್ಕನ ಮನೆ. ಈಗಲೇ ಅವಳ ನಲ್ಲಿಯಲ್ಲಿ ಬೆಳಗ್ಗೆ ಅರ್ಧ ಬಕೆಟ್ ಬಂದರೆ ಹೆಚ್ಚು. ಮಿಕ್ಕಿದ್ದನ್ನು ಬುಡದ ಬೀದಿ ನಲ್ಲಿಯಿಂದ ಹೊತ್ತು ತರುತ್ತಿದ್ದಳು. ಮೊಣಕಾಲು ಸವೆದಿದೆ, ಮೆಟ್ಟಿಲು ಕಡಿಮೆ ಮಾಡಿ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಇರುವ ಅರ್ಧ ಬಕೆಟ್ಟೂ ನಿಂತರೆ ಅವಳು ಆ ಮನೆ ಬಿಡಬೇಕು. ಸಂಜೆ ಪಾಠಕ್ಕೆ ಬರುವ ಹನ್ನೆರಡು ಮಕ್ಕಳನ್ನು, ಕಿಟಕಿ ಪಕ್ಕದ ಕಪ್ಪುಹಲಗೆಯನ್ನು, ಎಲ್ಲವನ್ನೂ ಬಿಟ್ಟು ಎಲ್ಲಾದರೂ ಬಾಡಿಗೆ ಕೋಣೆಗೆ ಹೋಗಬೇಕು.

ಅಧ್ಯಕ್ಷ ಎದೆ ಸೆಟೆಸಿ ಶುರು ಮಾಡಿದ. "ಮೇಡಂ, ಆ ಪೈಪು ಸಣ್ಣದು. ಮೊದಲಿಂದ್ಲೂ ಸಣ್ಣದು. ದೊಡ್ಡ ಪೈಪು ಹಾಕಿಸಿ, ನೀರು ಕುಣ್ಕೊಂಡು ಹತ್ತುತ್ತೆ. ನಾನು ಹೇಳೋದೇನಂದ್ರೆ…"

ಕಾಲು ಗಂಟೆ ಹೇಳಿದ. ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ನೀವು ಹೇಳಿದ್ದು ಚೆನ್ನಾಗಿತ್ತು, ಆದ್ರೆ ಏನು ಹೇಳಿದ್ರಿ ಅಂತ ನನಗೆ ನೆನಪಿಲ್ಲ. ಸೋಮವಾರದೊಳಗೆ ಎರಡು ಪುಟ ಬರೆದು ಕೊಡಿ. ಮೇಲಿನ ಓಣಿಗೆ ನೀರು ಯಾಕೆ ಏರಲ್ಲ? ಅಷ್ಟೇ. ಓದಿ ತೀರ್ಮಾನ ಮಾಡ್ತೀನಿ."

ಎರಡು ಪುಟ ತಾನೇ ಎಂದುಕೊಂಡು ಅಧ್ಯಕ್ಷ ಮನೆಗೆ ಬಂದ. ಊಟದ ಮೇಜು ಒರೆಸಿ, ಹಾಳೆ ಇಟ್ಟು, ಪೆನ್ನು ಹಿಡಿದು ಕೂತ. ಕ್ಷೌರದಂಗಡಿಯಲ್ಲಿ ಸಂತೆ ನೆರೆಸುತ್ತಿದ್ದ ಮಾತೆಲ್ಲ ಪೆನ್ನಿನ ತುದಿಗೆ ಬಂದು ಬೆಪ್ಪಾಗಿ ನಿಂತುಬಿಟ್ಟಿತು. ಅರ್ಧ ಗಂಟೆ ಮನೆಯಲ್ಲಿ ಸದ್ದಿಲ್ಲದ್ದು ಕಂಡು ಹೆಂಡತಿ ಬಂದು ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ಲ?" ಎಂದಳು. ಇವನು ಸಿಡುಕಿದ. ಸದ್ಯ, ಆರೋಗ್ಯವಾಗಿದ್ದಾನೆ ಎಂದು ಅವಳು ಒಳಗೆ ಹೋದಳು.

ಬುಧವಾರ ಸಂಜೆಗೆ ಹನ್ನೊಂದು ಪುಟವಾಯಿತು. ಎದೆಗೆ ಅವಚಿಕೊಂಡು ಅಕ್ಕನ ಮನೆಯ ಮೆಟ್ಟಿಲು ಹತ್ತಿದ. ಅಕ್ಕನದು ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಪ್ರಬಂಧ ತಿದ್ದಿದ ಕೈ. ನಿವೃತ್ತಿಯಾದರೂ ಕೆಂಪು ಪೆನ್ಸಿಲ್ಲಿಗೆ ನಿವೃತ್ತಿ ಆಗಿರಲಿಲ್ಲ. ಅಕ್ಕ ಮೂಗಿನ ಮೇಲೆ ಕನ್ನಡಕ ಇಳಿಸಿ ಮೊದಲ ಸಾಲು ಓದಿದಳು: 'ನೀರು ಜೀವಜಲ. ಅನಾದಿ ಕಾಲದಿಂದಲೂ ಮಾನವನು ನೀರನ್ನೇ ನಂಬಿ ಬದುಕಿದ್ದಾನೆ.'

"ಮೇಡಂ ನೀರು ಕುಡಿತಾರೇನೋ?"

"ಕುಡೀದೆ ಇರ್ತಾರಾ?"

"ಹಾಗಾದ್ರೆ ಇದು ಅವರಿಗೆ ಗೊತ್ತು." ಮೊದಲ ಪುಟದ ಮೇಲೆ ಕೆಂಪು ಗೆರೆ ಉದ್ದಕ್ಕೆ ಇಳಿಯಿತು. ಎರಡನೆಯ ಪುಟದಲ್ಲಿ ಅವನ ಸೇವಾವಧಿಯ ವರ್ಣನೆ ಇತ್ತು, ಅದೂ ಹೋಯಿತು. ಮೂರನೆಯದರಲ್ಲಿ ಮೇಡಂ ಅವರ ದಕ್ಷತೆಯ ಗುಣಗಾನ. "ಪ್ರಬಂಧ ಬರಿ ಅಂದ್ರೆ ಸನ್ಮಾನ ಸಮಾರಂಭ ಮಾಡಿದೀಯಲ್ಲೋ" ಎಂದು ಅಕ್ಕ ಅದನ್ನೂ ಹೊಡೆದು ಹಾಕಿದಳು. ಹನ್ನೊಂದು ಪುಟದಲ್ಲಿ ಕೊನೆಗೆ ಜೀವಂತ ಉಳಿದದ್ದು ಒಂದೇ ವಾಕ್ಯ: 'ಎಲ್ಲರಿಗೂ ಗೊತ್ತಿರುವ ಹಾಗೆ ಆ ಪೈಪು ಸಣ್ಣದು.' ಅದರ ಕೆಳಗೂ ಗೆರೆ ಬಿತ್ತು.

"ಎಲ್ಲರು ಅಂದ್ರೆ ಯಾರು? ಪಟ್ಟಿ ಬರ್ಕೊಂಡು ಬಾ."

"ಅಕ್ಕ, ಅದು ಮಾತಿನ ಧಾಟಿ…"

"ಮಾತಿನ ಧಾಟೀನ ಅಂಗಡೀಲಿ ಇಟ್ಕೋ. ನೀನು ಮಾತಾಡುವಾಗ ಎದುರಿನೋರು ತಲೆ ಆಡಿಸ್ತಾರೆ, ನೀನು ಮುಂದಕ್ಕೆ ಹೋಗ್ತೀಯ. ಹಾಳೆ ತಲೆ ಆಡಿಸಲ್ಲ ಕಣೋ. ಸುಮ್ನೆ ನಿನ್ನ ಮುಖ ನೋಡ್ತಾ ಇರುತ್ತೆ."

ಗುರುವಾರ ಅಧ್ಯಕ್ಷ ಪಟ್ಟಿ ಮಾಡಲು ಕೂತ. ಮೊದಲ ಹೆಸರು ತನ್ನದು. ಎರಡನೆಯದು ತನಗೆ ಕೆಲಸ ಕಲಿಸಿದ ಗುರುವಿನದು, ಅವರು ತೀರಿಕೊಂಡು ಹದಿನೈದು ವರ್ಷ. ಮೂರನೆಯವನಾಗಿ ಕ್ಷೌರಿಕ ನೆನಪಾದ. ಸಾಕ್ಷಿ ಗಟ್ಟಿಯಿರಲಿ ಎಂದು ಹೋಗಿ ಕೇಳಿಯೇಬಿಟ್ಟ: "ಮೇಲಿನ ಓಣಿ ಪೈಪು ಸಣ್ಣದು ಅಂತ ನಿನಗೆ ಹೇಗೆ ಗೊತ್ತು?"

"ನೀವೇ ಅಲ್ವಾ ಹೇಳಿದ್ದು ಅಧ್ಯಕ್ಷರೇ" ಎಂದ ಕ್ಷೌರಿಕ. "ಗಡ್ಡಕ್ಕೆ ಸೋಪು ಹಚ್ಚಿದಾಗ್ಲೂ ಬಿಡದೆ ಹೇಳಿದೀರಿ. ಸೋಪು ಬಾಯಿಗೆ ಹೋಗಿದ್ದು ಮರ್ತುಬಿಟ್ರಾ?"

ಹೀಗೆ 'ಎಲ್ಲರು' ಎಂಬ ದೊಡ್ಡ ಸಭೆ ಕರಗಿ ಅಧ್ಯಕ್ಷನೊಬ್ಬನೇ ಉಳಿದ.

ಶುಕ್ರವಾರ ಅಕ್ಕ ಇನ್ನೊಂದು ಕೆಲಸ ಹಚ್ಚಿದಳು. "ನೀನು ಹೇಳೋದು ತಪ್ಪು ಅನ್ನೋರು ಏನು ಹೇಳ್ತಾರೆ, ಅದನ್ನೂ ಬರಿ. ಪೆದ್ದರ ಮಾತು ಮಾಡಿ ಬರೀಬೇಡ. ನಿನಗಿಂತ ಜಾಣರು ಹೇಳಿದ ಹಾಗೆ ಬರಿ."

ತನಗಿಂತ ಜಾಣರು ಯಾರು ಎಂದು ಹುಡುಕುವುದರಲ್ಲೇ ಅಧ್ಯಕ್ಷನಿಗೆ ಮಧ್ಯಾಹ್ನ ಕಳೆಯಿತು. ಕಡೆಗೆ ಒಂದು ಮುಖ ನೆನಪಾಯಿತು, ಬೇಡ ಬೇಡವೆಂದರೂ. ಓಣಿಯ ತುತ್ತತುದಿಯ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಆರು ವರ್ಷದ ಹಿಂದೆ ಅವಳು ಮೆಟ್ಟಿಲ ಬುಡದಲ್ಲಿ ಇವನನ್ನು ಅಡ್ಡಹಾಕಿ, "ವಾಲ್ವು ಪೂರ್ತಿ ತಿರುಗಿಸ್ತೀರೋ ಇಲ್ವೋ ನೀವು?" ಎಂದು ಕೇಳಿದ್ದಳು. ಇವನು ಹತ್ತು ಜನರೆದುರು, "ನೀನು ಸೂಜಿಗೆ ದಾರ ಪೋಣಿಸಮ್ಮ, ವಾಲ್ವ್ ವಿಷಯ ನನಗೆ ಬಿಡು" ಎಂದು ಬಾಯಿ ಮುಚ್ಚಿಸಿದ್ದ. ಜನ ನಕ್ಕಿದ್ದರು. ಅಲ್ಲೇ ಬಕೆಟ್ ಹಿಡಿದು ನಿಂತಿದ್ದ ಅಕ್ಕನೂ ಅವಳಿಗೆ, "ನನ್ನ ತಮ್ಮ ಅಂಥ ಕೆಲಸಗಳ್ಳ ಅಲ್ಲಮ್ಮ, ಪೈಪೇ ಸಣ್ಣದಂತೆ" ಎಂದಿದ್ದಳು.

ಈಗ ಆ ಪ್ರಶ್ನೆಯನ್ನು ಹಾಗೇ ಬರೆದು, ಕೆಳಗೆ ಉತ್ತರ ಬರೆದ: 'ಪ್ರತಿದಿನ ಹದಿನೆಂಟು ಸುತ್ತು ತಿರುಗಿಸುತ್ತೇನೆ. ಒಂದು ದಿನವೂ ತಪ್ಪಿಲ್ಲ.' ಇದು ಸತ್ಯವೇ. ಜಂಬದ ಮನುಷ್ಯ ಹೌದು, ಆದರೆ ಮೈಗಳ್ಳನಲ್ಲ.

ಅಕ್ಕ ಓದಿ ಕೇಳಿದಳು: "ಹದಿನೆಂಟೇ ಯಾಕೆ?"

"ಗುರುಗಳು ಹೇಳ್ಕೊಟ್ಟಿದ್ದು. ಕೊನೇತನಕ ತಿರುಗಿಸಿ ಬಿಗಿಮಾಡಿದ್ರೆ ಒಳಗಿನ ದಂಡ ಮುರಿಯುತ್ತೆ. ಅದಕ್ಕೆ ಎಣಿಸ್ಬೇಕು, ಹದಿನೆಂಟಕ್ಕೆ ಕೈ ಬಿಡಬೇಕು. ನಮ್ಮ ಕೆಲಸದಲ್ಲಿ ಎಣಿಕೆಯೇ ಎಲ್ಲ."

"ಯಾರು ಹೇಳಿದ್ರು ಅಂತ ಹೇಳಿದೆ. ಯಾಕೆ ಅಂತ ಹೇಳ್ಲಿಲ್ಲ" ಎಂದಳು ಅಕ್ಕ. "ಪೈಪು ಸಣ್ಣದು ಅಂತೀಯಲ್ಲ, ಎಷ್ಟು ಇಂಚು? ಅದೂ ಇಲ್ಲ ಇಲ್ಲಿ. ಹೋಗಿ ನೋಡ್ಕೊಂಡು ಬಾ."

ಅಧ್ಯಕ್ಷನಿಗೆ ರೇಗಿತು. ಇಷ್ಟು ವರ್ಷ ನೆಲದಡಿಯ ಪೈಪು ತನ್ನ ಅಂಗೈಯ ಗೆರೆಯಷ್ಟು ಗೊತ್ತು, ಇವಳು ಹೋಗಿ ನೋಡು ಎನ್ನುತ್ತಾಳೆ! ಆದರೂ ಶನಿವಾರ ಬೆಳಗ್ಗೆ ಕಚೇರಿಯ ಉಗ್ರಾಣಕ್ಕೆ ಹೋಗಿ ಹಳೆಯ ಕೆಲಸದ ಪುಸ್ತಕ ಹುಡುಕಿದ. 'ಮೂರು ಇಂಚು' ಎಂದು ಬರೆದುಕೊಂಡು ಬಂದು ಅಕ್ಕನ ಮುಖಕ್ಕೆ ಹಿಡಿಯಬೇಕು, ಅದಷ್ಟೇ ಅವನ ಆಸೆ. ಧೂಳು ಕೊಡವಿ ಪುಟ ತಿರುಗಿಸಿದ. ಮೂರು ಇಂಚು ಎಂದೇ ಇತ್ತು. ಮನಸ್ಸಿಗೆ ತಂಪಾಯಿತು. ಪುಸ್ತಕ ಮುಚ್ಚಬೇಕು, ಅಷ್ಟರಲ್ಲಿ ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಬರೆದ ಸಾಲು ಕಣ್ಣಿಗೆ ಬಿತ್ತು: 'ಹಳೆ ಪೈಪು ತೆಗೆದು ಆರು ಇಂಚಿನದು ಹಾಕಲಾಗಿದೆ. ವಾಲ್ವ್ ಸಹ ಹೊಸದು.' ಕೆಳಗೆ ತಾರೀಕು.

ತಾರೀಕನ್ನು ಇನ್ನೊಮ್ಮೆ ಓದಿದ. ಅದು ಅವನ ಮದುವೆಯಾದ ವಾರ. ಇಪ್ಪತ್ತೆರಡು ವರ್ಷದ ಹಿಂದೆ ಹದಿನೈದು ದಿನ ರಜೆ ಹಾಕಿದ್ದ. ವಾಪಸು ಬಂದಾಗ ಗುಂಡಿಗೆ ಹೊಸ ಮುಚ್ಚಳ ಕಂಡದ್ದು ನೆನಪಿತ್ತು. ಮುಚ್ಚಳ ಬದಲಾಯಿಸಿದ್ದಾರೆ ಎಂದುಕೊಂಡು, ಕೀಲಿ ಇಳಿಸಿ, ಹೊಸ ಮದುಮಗನ ಹುರುಪಿನಲ್ಲಿ ಹದಿನೆಂಟು ಸುತ್ತು ತಿರುಗಿಸಿ ಮನೆಗೆ ಓಡಿದ್ದ. ಒಳಗೇನಾಗಿದೆ ಎಂದು ಯಾರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಅವನು ಯಾರನ್ನಾದರೂ ಏನನ್ನಾದರೂ ಕೇಳಿದವನೇ ಅಲ್ಲವಲ್ಲ.

ಕೀಲಿ ತೆಗೆದುಕೊಂಡು ನೇರ ಓಣಿಯ ಗುಂಡಿಗೆ ಹೋದ. ಮುಚ್ಚಳ ಸರಿಸಿ, ಕೀಲಿ ಕೂರಿಸಿ ತಿರುಗಿಸಿದ. ಹದಿನಾರು, ಹದಿನೇಳು, ಹದಿನೆಂಟು. ರೂಢಿಯಿಂದ ಕೈ ತಾನಾಗಿ ನಿಂತಿತು. ಮೈಯಲ್ಲಿ ಬೆವರು. ಹತ್ತೊಂಬತ್ತಕ್ಕೆ ದಂಡ ಮುರಿಯುತ್ತದೆ ಎಂದು ಗುರು ಕಿವಿಯಲ್ಲಿ ಕೂಗಿದ ಹಾಗಾಯಿತು. ಕಣ್ಣು ಮುಚ್ಚಿ ತಿರುಗಿಸಿದ. ಬೆಣ್ಣೆಯಲ್ಲಿ ಚಮಚ ಆಡಿದ ಹಾಗೆ ತಿರುಗಿತು. ಇಪ್ಪತ್ತು. ಮೂವತ್ತು. ನಲವತ್ತಕ್ಕೆ ಅವನಿಗೆ ಅಳು ಬಂದಿತ್ತು. ಐವತ್ತೆರಡಕ್ಕೆ ಮೆಲ್ಲಗೆ ತಡೆಯಿತು. ಅಂದರೆ ಇಷ್ಟು ವರ್ಷ ಅವನು ತೆರೆದದ್ದು ಮೂರರಲ್ಲಿ ಒಂದು ಪಾಲು ಬಾಗಿಲು. ಅವೇಳೆಯಲ್ಲಿ ನೀರು ಬಿಡುವ ಹಾಗಿರಲಿಲ್ಲ, ಮತ್ತೆ ಐವತ್ತೆರಡು ಸುತ್ತು ಎಣಿಸಿ ಮುಚ್ಚಿದ. ಆ ದಿನ ಕ್ಷೌರದಂಗಡಿಯ ಬೆಂಚು ಖಾಲಿ ಇತ್ತು.

ಭಾನುವಾರ ಬೆಳಗ್ಗೆ ನೀರಿನ ಹೊತ್ತಿಗೆ ಸರಿಯಾಗಿ ಐವತ್ತೆರಡೂ ಸುತ್ತು ತಿರುಗಿಸಿ ಮೆಟ್ಟಿಲು ಹತ್ತತೊಡಗಿದ. ಎರಡು ಬದಿಯ ಮನೆಗಳೊಳಗೆ ನಲ್ಲಿಗಳು ಮೊದಲು ಗೊರಗೊರ ಎಂದವು, ಕೆಮ್ಮಿದವು, ಆಮೇಲೆ ಧಾರೆ ಕಟ್ಟಿ ಸುರಿಯತೊಡಗಿದವು. ಹನ್ನೊಂದನೆಯ ಮೆಟ್ಟಿಲಲ್ಲಿ ಅಕ್ಕ ಕೂತಿದ್ದಳು. ಬುಡದ ನಲ್ಲಿಯಿಂದ ತುಂಬಿಕೊಂಡ ಎರಡು ಬಕೆಟ್ ಪಕ್ಕದಲ್ಲಿ, ಒಂದು ಕೈ ಮೊಣಕಾಲ ಮೇಲೆ. ದಿನಾ ಅಲ್ಲೇ ಕೂತು ಸುಧಾರಿಸಿಕೊಳ್ಳುತ್ತಿದ್ದಳೋ ಏನೋ. ಅವಳು ನೀರು ಹೊರುವ ಹೊತ್ತಿಗೆ ಇವನು ಸಾಮಾನ್ಯವಾಗಿ ಇನ್ನೊಂದು ಬೀದಿಯ ಗುಂಡಿಯ ಹತ್ತಿರ ಇರುತ್ತಿದ್ದ, ಅವಳು ಹೀಗೆ ಕೂತದ್ದನ್ನು ನೋಡಿರಲಿಲ್ಲ.

"ಪ್ರಬಂಧ ತಂದ್ಯಾ?" ಎಂದಳು.

ಅವನು ಬಕೆಟ್ಟುಗಳನ್ನು ಎತ್ತಿಕೊಂಡು ಮುಂದೆ ನಡೆದ. ಅಕ್ಕನ ಮನೆಯ ಬಾಗಿಲು ತೆರೆದರೆ ನಲ್ಲಿಯ ಕೆಳಗಿಟ್ಟಿದ್ದ ಬಕೆಟ್ ತುಂಬಿ, ಉಕ್ಕಿ, ನೀರು ಹೊಸ್ತಿಲಿಗೆ ಬಂದಿತ್ತು. ಅಕ್ಕ ಗೋಡೆ ಹಿಡಿದು ನಿಂತು ನೋಡಿದಳು. ಅಂಥ ಧಾರೆಯನ್ನು ಅವಳ ನಲ್ಲಿ ಹಿಂದೆಂದೂ ಕೊಟ್ಟಿರಲಿಲ್ಲ.

"ಪೈಪು ಸಣ್ಣದಲ್ಲ ಅಕ್ಕ" ಎಂದ. "ಆರು ಇಂಚು. ಐವತ್ತೆರಡು ಸುತ್ತು ತಿರುಗಿಸ್ಬೇಕಿತ್ತು. ನಾನು ಹದಿನೆಂಟಕ್ಕೇ…"

ಅಕ್ಕ ಒಳಗೆ ಹೋದಳು. ನಲ್ಲಿ ನಿಲ್ಲಿಸಿದಳು. ಬಟ್ಟೆ ತಂದು ನೆಲ ಒರೆಸಿದಳು. ಅವನು ಬಟ್ಟೆ ಕಸಿದುಕೊಳ್ಳಲು ಬಗ್ಗಿದಾಗ ಕೈ ತಳ್ಳಿ, "ಹೋಗಿ ಬರಿ" ಎಂದಳು.

ಮೊದಲು ತುದಿಯ ಮನೆಯವರೆಗೂ ಹತ್ತಿ, ಹೊರಗಿನಿಂದಲೇ ನಲ್ಲಿಯ ಸದ್ದು ಕೇಳಿಸಿಕೊಂಡು ಬಂದು, ಅವಳ ಕಪ್ಪುಹಲಗೆಯ ಕೆಳಗೆ, ಮಕ್ಕಳ ಮಣೆಯ ಮೇಲೆ ಕೂತು ಬರೆದ. ಪಾಪ, ಏನೇ ಆದರೂ ಹಳೆಯ ಅಧ್ಯಕ್ಷನಲ್ಲವೇ, ಮೊದಲ ಕರಡಿನಲ್ಲಿ ನುಣುಚಿಕೊಳ್ಳಲು ನೋಡಿದ: 'ಕಾರಣಾಂತರಗಳಿಂದ ಮೇಲಿನ ಓಣಿಯ ವಾಲ್ವ್ ಪೂರ್ತಿ ತೆರೆದಿರಲಿಲ್ಲ.'

ಅಕ್ಕ ಓದಿ ಕನ್ನಡಕದ ಮೇಲಿಂದ ನೋಡಿದಳು. "ಈ ಕಾರಣಾಂತರ ಅನ್ನೋನು ಎಲ್ಲಿರ್ತಾನೆ?"

"ಕೆಳಗಿನ ಬೀದೀಲಿ."

"ಮದುವೆ ಆಗಿದೆಯಾ?"

"ಆಗಿದೆ. ಅದಕ್ಕೇ ರಜೆ ಹಾಕಿದ್ದು."

"ಹಾಗಾದ್ರೆ ಅವನನ್ನೇ ಮುಂದೆ ಕರೆದು ನಿಲ್ಸು." ಅವಳ ತುಟಿಯ ಮೂಲೆ ಅಲುಗಿತು, ಅಷ್ಟೇ.

ನಾಲ್ಕು ಸಲ ಬರೆದ. ಒಂದೊಂದು ಸಲಕ್ಕೂ ಪ್ರಬಂಧ ಗಿಡ್ಡವಾಗುತ್ತ ಬಂತು, ಓದಲು ಮಾತ್ರ ಕಷ್ಟವಾಗುತ್ತ ಹೋಯಿತು. ಕೊನೆಗೆ ಅರ್ಧ ಪುಟ ನಿಂತಿತು: 'ಮೇಲಿನ ಓಣಿಗೆ ನೀರು ಏರದಿರಲು ಕಾರಣ ನಾನು. ಪೈಪು ಆರು ಇಂಚಿನದು. ವಾಲ್ವ್ ಪೂರ್ತಿ ತೆರೆಯಲು ಐವತ್ತೆರಡು ಸುತ್ತು ಬೇಕು. ನಾನು ಇಪ್ಪತ್ತೆರಡು ವರ್ಷ ಹದಿನೆಂಟು ಸುತ್ತು ತಿರುಗಿಸಿದೆ. ಹಳೆಯ ವಾಲ್ವಿನ ಎಣಿಕೆ ಅದು, ಬದಲಾದದ್ದನ್ನು ನಾನು ವಿಚಾರಿಸಲಿಲ್ಲ. ಒಬ್ಬರು ಆರು ವರ್ಷದ ಹಿಂದೆಯೇ ಸರಿಯಾಗಿ ಕೇಳಿದ್ದರು, ನಾನು ಅವರನ್ನು ಗೇಲಿ ಮಾಡಿದೆ. ಈ ಭಾನುವಾರ ಪೂರ್ತಿ ತೆರೆದಾಗ ತುದಿಯ ಮನೆಗೂ ನೀರು ಬಂದಿದೆ. ಲೈನು ಮುಚ್ಚುವುದು ಬೇಡ.'

ಅದರ ಕೆಳಗೆ ಇನ್ನೂ ಮೂರು ಸಾಲಿದ್ದವು, ಅಕ್ಕನ ಬಗ್ಗೆ, ಮೊಣಕಾಲಿನ ಬಗ್ಗೆ, ಹನ್ನೊಂದನೆಯ ಮೆಟ್ಟಿಲಿನ ಬಗ್ಗೆ. ಕೆಂಪು ಪೆನ್ಸಿಲ್ ಅಲ್ಲಿಗೂ ಬಂತು. ಆಮೇಲೆ ಮೂರೂ ಸಾಲನ್ನು ನಿಧಾನವಾಗಿ ಹೊಡೆದು ಹಾಕಿತು.

"ಇದು ಮೇಡಂಗೆ ಸಂಬಂಧಪಟ್ಟಿದ್ದಲ್ಲ" ಎಂದಳು ಅಕ್ಕ. "ಬೇರೆ ಹಾಳೇಲಿ ಬರಿ."

ಸೋಮವಾರ ಮೇಡಂ ನಿಂತಲ್ಲೇ ಓದಿದರು. ಅಧ್ಯಕ್ಷ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಹೆಚ್ಚೆಂದರೆ ಕೆಲಸ ಹೋಗುತ್ತದೆ, ಹೋಗಲಿ ಎಂದು ದಾರಿಯಲ್ಲಿ ತೀರ್ಮಾನಿಸಿಕೊಂಡು ಬಂದಿದ್ದ. ಮೇಡಂ ಎರಡನೆಯ ಸಲವೂ ಓದಿ, ನಕ್ಷೆಯ ಮೇಲೆ 'ಮುಚ್ಚುವುದು' ಎಂದು ಬರೆದಿದ್ದನ್ನು ಅಳಿಸಿದರು.

"ಇದಕ್ಕೆ ಒಂದು ಎಚ್ಚರಿಕೆ ಪತ್ರ ಬರುತ್ತೆ, ತಗೊಳ್ಳಿ" ಎಂದರು. ಬಾಗಿಲ ತನಕ ಹೋದವನನ್ನು ಮತ್ತೆ ಕರೆದರು. "ಉಳಿದ ಆರು ವಾಲ್ವು?"

ಅಧ್ಯಕ್ಷ ಬಾಯಿ ತೆರೆದ. ಅವೆಲ್ಲ ಸರಿಯಾಗೇ ಇವೆ ಎಂಬ ವಾಕ್ಯ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಬಾಯಿ ಮುಚ್ಚಿ ಮತ್ತೆ ತೆರೆದ. "ಗೊತ್ತಿಲ್ಲ ಮೇಡಂ. ನೋಡಿ, ಬರೆದು ತರ್ತೀನಿ."

ಆ ಸಂಜೆ ಮೆಟ್ಟಿಲೆಲ್ಲ ಹತ್ತಿ ಹೊಲಿಗೆಯ ಹೆಂಗಸಿನ ಬಾಗಿಲಿಗೂ ಹೋದ. "ನೀವು ಕೇಳಿದ್ದು ಸರಿ ಇತ್ತಮ್ಮ" ಎಂದ. ಅವಳು ಯಂತ್ರ ನಿಲ್ಲಿಸದೆ, "ಗೊತ್ತು, ನಿನ್ನೆ ನಲ್ಲಿ ಹೇಳ್ತು" ಎಂದಳು. ಕ್ಷೌರದಂಗಡಿಯಲ್ಲಂತೂ ಅವನು ಯಾವುದೋ ಮಾತಿಗೆ, "ನನಗೆ ಸರಿಯಾಗಿ ಗೊತ್ತಿಲ್ಲಪ್ಪ" ಎಂದದ್ದು ಕೇಳಿ ಕ್ಷೌರಿಕ ಕತ್ತಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಮುಖ ನೋಡಿದನಂತೆ. ಅಧ್ಯಕ್ಷ ಎಂಬ ಹೆಸರು ಮಾತ್ರ ಹೋಗಲಿಲ್ಲ. ಇಂಥ ಪದವಿಗೆ ರಾಜೀನಾಮೆ ಕೊಡಲು ಬರುವುದಿಲ್ಲ.

ಬೇರೆ ಹಾಳೆಯನ್ನು ಬರೆಯಲು ಅವನಿಗೆ ವಾರ ಹಿಡಿಯಿತು. ಮುಂದಿನ ಭಾನುವಾರ ತಂದು ಅಕ್ಕನ ಕೈಗಿಟ್ಟು, ಮುಖ ನೋಡಲಾಗದೆ ಕಿಟಕಿಯ ಕಡೆ ತಿರುಗಿ ಕೂತ. ಹಾಳೆಯಲ್ಲಿ ಅನಾದಿ ಕಾಲ ಇರಲಿಲ್ಲ, ಕಾರಣಾಂತರ ಇರಲಿಲ್ಲ. 'ಅಕ್ಕ, ನಾನು ಕೇಳದೆ ಹೋದದ್ದರಿಂದ ನೀನು ಇಪ್ಪತ್ತೆರಡು ವರ್ಷ ನೀರು ಹೊತ್ತೆ. ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೂ ಎರಡು ಬಕೆಟ್. ಹನ್ನೊಂದನೆಯ ಮೆಟ್ಟಿಲಲ್ಲಿ ಕೂತು ಎದ್ದೆ. ಓಣಿಯವರು ನನ್ನನ್ನು ಬೈದಾಗ ನನ್ನ ಪರ ಮಾತಾಡಿದೆ. ನನ್ನಿಂದ ತಪ್ಪಾಯಿತು.'

ಅಕ್ಕ ಓದಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡು ಮತ್ತೊಮ್ಮೆ ಓದಿದಳು. ಆಮೇಲೆ ಕೆಂಪು ಪೆನ್ಸಿಲ್ ಎತ್ತಿಕೊಂಡು ಒಂದು ಕಡೆ ಮಾತ್ರ ತಿದ್ದಿ, ಹಾಳೆಯನ್ನು ಅವನ ಮುಂದೆ ಸರಿಸಿದಳು. 'ಎರಡು ಸಲ' ಎಂಬುದನ್ನು ಹೊಡೆದು ಮೇಲೆ 'ಮೂರು' ಎಂದು ಬರೆದಿದ್ದಳು.

"ಸಂಜೇನೂ ಒಂದ್ಸಲ ತರ್ತಿದ್ದೆ ಕಣೋ, ಪಾಠದ ಮಕ್ಕಳಿಗೆ ಕುಡಿಯೋಕೆ" ಎಂದಳು. "ಸರಿ ಮಾಡಿ ಬರ್ಕೊಡು. ಇಟ್ಕೋತೀನಿ."

ಅಧ್ಯಕ್ಷ ಹೊಸ ಹಾಳೆ ಕೇಳಿ ತೆಗೆದುಕೊಂಡು, ಮಕ್ಕಳ ಮಣೆಯ ಮೇಲೆ ಕೂತು, ಮೊದಲ ಸಾಲಿನಿಂದ ಬರೆಯತೊಡಗಿದ.